ಗಾರ್ಡ್ ರೇಲ್ ಮುಟ್ಟಿದರೆ ಜುಮ್ ಅನ್ನುತ್ತಿದೆ: ಕೋಲಾರ ರೇಸ್ ಟ್ರ್ಯಾಕ್ ಗುಂಪಿನ ಪ್ರಶ್ನೋತ್ತರ

ಮಾಲೂರು ಸದಸ್ಯ: ಸರ್, ನಮ್ಮ ಕಾರ್ಟಿಂಗ್ (ಪುಟ್ಟ ರೇಸ್ ಗಾಡಿ) ಟ್ರ್ಯಾಕ್‌ಗೆ ಲೈಟ್ ಹಾಕಿಸಿದೆವು. ಕೇಬಲ್ಲನ್ನು ಟ್ರ್ಯಾಕ್ ಅಂಚಿನ ಲೋಹದ ಗಾರ್ಡ್ ರೇಲ್‌ಗೇ ಬೈಂಡಿಂಗ್ ವೈರ್‌ನಲ್ಲಿ ಕಟ್ಟಿದ್ದಾರೆ. ನಿನ್ನೆ ಒಬ್ಬ ಹುಡುಗ ರೇಲ್ ಮೇಲೆ ಕೈಯಿಟ್ಟರೆ ಜುಮ್ ಅಂತಂತೆ. ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್) ಬಿದ್ದಿಲ್ಲ. ಸಣ್ಣ ಲೀಕೇಜ್ ಅಲ್ವಾ? ಭಾನುವಾರ ಪ್ರಾಕ್ಟೀಸ್ ಇದೆ.

ಎಲೆಕ್ಟ್ರಿಕಲ್ ಕಂಟ್ರಾಕ್ಟರ್: ಮೊದಲು ಮೇನ್ ಆಫ್ ಮಾಡಿ, ಆಮೇಲೆ ಓದಿ. ಇದು ಸಣ್ಣದಲ್ಲ. ಕಾರ್ಟ್ ಗುದ್ದಿದಾಗಲೆಲ್ಲ ರೇಲ್ ಅಲುಗುತ್ತದೆ, ಬೈಂಡಿಂಗ್ ವೈರ್ ಕೇಬಲ್ ಸಿಪ್ಪೆಯನ್ನು ಕೊಯ್ಯುತ್ತದೆ. ಒಳಗಿನ ತಂತಿ ಒಂದು ಕಡೆ ತಾಗಿದರೂ ಇಡೀ ರೇಲಿಗೆ ಕರೆಂಟ್. ರೇಲಿನ ಕಂಬ ನೆಲದಲ್ಲಿ ಹೂತಿದೆ, ಅದೇ ಅರ್ತಿಂಗ್ ಅಂದುಕೊಳ್ಳಬೇಡಿ. ಕಂಬದಿಂದ ನೆಲಕ್ಕೆ ರೆಸಿಸ್ಟೆನ್ಸ್ 20 ಓಮ್ ಇದ್ದರೆ 230 ವೋಲ್ಟಿಗೆ ಹರಿಯುವುದು ಹನ್ನೊಂದೂವರೆ ಆಂಪ್. 32 ಆಂಪ್ ಎಂಸಿಬಿಗೆ ಅದು ಮಾಮೂಲಿ ಲೋಡ್, ಬೀಳುವುದೇ ಇಲ್ಲ. ನಮ್ಮ ಒಣ ನೆಲದಲ್ಲಿ ಇನ್ನೂ ಕಷ್ಟ. ಜೀವ ತೆಗೆಯಲು ಮಿಲಿಆಂಪ್ ಲೆಕ್ಕದ ಕರೆಂಟ್ ಸಾಕು. ಟೇಪ್ ಸುತ್ತಬೇಡಿ, ಕೇಬಲ್ ಪೂರ್ತಿ ಬಿಚ್ಚಿ. ಲೋಹದ ಕವಚವಿರುವ ಆರ್ಮರ್ಡ್ ಕೇಬಲ್ ತಂದು, ಗುದ್ದಿದಾಗ ರೇಲ್ ಬಾಗುವಷ್ಟು ಜಾಗ ಹಿಂದೆ ಬಿಟ್ಟು, 75 ಸೆಂ.ಮೀ. ಆಳಕ್ಕೆ ಹೂಳಿ. ಟ್ರ್ಯಾಕ್ ದಾಟುವ ಕಡೆ 1 ಮೀಟರ್ ಆಳ, ಗಟ್ಟಿ ಪ್ಲಾಸ್ಟಿಕ್ಕಿನ ಎಚ್‌ಡಿಪಿಇ ಪೈಪಿನೊಳಗೆ. ಕರೆಂಟ್ ಹಂಚುವ ಪೆಟ್ಟಿಗೆಯಲ್ಲಿ (ಡಿಬಿ), ಲೀಕೇಜ್ ಕಂಡೊಡನೆ ಲೈನ್ ಕಡಿಯುವ 30 ಮಿಲಿಆಂಪ್ ಆರ್‌ಸಿಸಿಬಿ ಇರಲೇಬೇಕು. ಲೈಸೆನ್ಸ್ ಇರುವವರು ಇನ್ಸುಲೇಷನ್ ಅಳೆಯುವ ಮೆಗ್ಗರ್ ಹಾಕಿ ನೋಡುವವರೆಗೆ ಲೈನ್ ಕೊಡಬೇಡಿ.

ಕೆಜಿಎಫ್ ಸದಸ್ಯ: ಲ್ಯಾಪ್ ಟೈಮಿಂಗ್ ಲೂಪ್ ವೈರನ್ನು (ಒಂದೊಂದು ಸುತ್ತಿನ ಸಮಯ ಅಳೆಯುವ ತಂತಿ) ಲೈಟಿನ ಪೈಪಿನಲ್ಲೇ ಎಳೆಯಬಹುದಾ ಸರ್?

ಬಂಗಾರಪೇಟೆ ಸದಸ್ಯ: ಕಂಬದ ಬುಡಕ್ಕೆ ಉಪ್ಪುನೀರು ಹೊಯ್ದರೆ ಶಾಕ್ ನಿಲ್ಲುತ್ತೆ ಅಂತ ಫಾರ್ವರ್ಡ್ ಬಂದಿದೆ.

ಕಂಟ್ರಾಕ್ಟರ್: ಹೊಯ್ಯಬೇಡಿ. ನೆಲ ಒದ್ದೆಯಾದರೆ ಅಲ್ಲಿ ನಿಂತು ರೇಲ್ ಮುಟ್ಟಿದವನಿಗೇ ಜೋರಾಗಿ ಹೊಡೆಯುತ್ತದೆ. ಇಂಥ ಫಾರ್ವರ್ಡ್ ಇಲ್ಲಿ ಹಾಕಬೇಡಿ ಅಂತ ಎಷ್ಟು ಸಲ ಹೇಳುವುದು?

ಮುಳಬಾಗಿಲು ಸದಸ್ಯ: ತಡೆಗೋಡೆ ಟೈರ್‌ಗಳಿಗೆ ಕಾಂಕ್ರೀಟ್ ತುಂಬಿದರೆ ಗಟ್ಟಿ ಆಗಲ್ವಾ?

ಕಂಟ್ರಾಕ್ಟರ್: ಬೇಡ. ಟೈರ್ ಅಮುಕಿಕೊಂಡು ಹೊಡೆತ ತಿನ್ನಬೇಕು. ಒಂದಕ್ಕೊಂದು ಬೋಲ್ಟ್ ಹಾಕಿ, ಮುಂದೆ ಕನ್ವೇಯರ್ ಬೆಲ್ಟ್ ಹೊದಿಸಿ.

ಚಿಂತಾಮಣಿ ಸದಸ್ಯ: ಟೈರ್ ಯಾಕೆ? ಎಫ್‌1 ಕಾರ್ ರೇಸಲ್ಲೂ ರೇಲ್ ಇದೆಯಲ್ಲ.

ಶ್ರೀನಿವಾಸಪುರ ಸದಸ್ಯ: 2020ರ ಬಹ್ರೇನ್ ರೇಸ್ ನೋಡಿಲ್ವಾ? ಗ್ರೋಜಾನ್ ಕಾರು ರೇಲನ್ನು ಸೀಳಿಕೊಂಡು ಹೋಗಿ ಹೊತ್ತಿ ಉರೀತು.

ಚಿಂತಾಮಣಿ ಸದಸ್ಯ: ಬದುಕಿದರಲ್ಲ!

ಶ್ರೀನಿವಾಸಪುರ ಸದಸ್ಯ: ತಲೆ ಉಳಿಸಿದ್ದು ಕಾರಿನ ಹೇಲೋ (ಚಾಲಕನ ತಲೆಯ ಸುತ್ತ ಇರುವ ಲೋಹದ ಚೌಕಟ್ಟು), ರೇಲ್ ಅಲ್ಲ.

ಚಿಂತಾಮಣಿ ಸದಸ್ಯ: ಟಿವಿ ನೋಡಿ ಎಂಜಿನಿಯರ್ ಆದವರು ನೀವು.

ಶ್ರೀನಿವಾಸಪುರ ಸದಸ್ಯ: ಮರ್ಯಾದೆ ಕೊಟ್ಟು ಮಾತಾಡಿ.

ಕೆಜಿಎಫ್ ಸದಸ್ಯ: ನನ್ನ ಲೂಪ್ ವೈರ್ ಪ್ರಶ್ನೆ?

ಬಂಗಾರಪೇಟೆ ಸದಸ್ಯ: ಸದ್ಯಕ್ಕೆ ಒಳ್ಳೆ ಟೇಪ್ ಸುತ್ತಿದರೆ ನಡೆಯುತ್ತಾ?

ಕಂಟ್ರಾಕ್ಟರ್: ಮೇಲೆ ಓದಿ.

ಮಾಲೂರು ಸದಸ್ಯ: ಮೇನ್ ಆಫ್ ಮಾಡಿದೆ ಸರ್. ಪ್ರಾಕ್ಟೀಸ್ ಹಗಲಲ್ಲಿ ತಾನೇ, ಲೈಟ್ ಬೇಕಿಲ್ಲ, ನಡೆಯಲಿ ಅಂತಿದ್ದಾರೆ.

ಕಂಟ್ರಾಕ್ಟರ್: ರೇಲ್ ಮೇಲೆ ಒಂದಡಿ ಕೇಬಲ್ ಉಳಿದಿದ್ದರೂ ಬೇಡ. ಪೂರ್ತಿ ಬಿಚ್ಚಿದರೆ ಮಾತ್ರ ಓಡಿಸಿ. ಮೇನ್‌ಗೆ ಬೀಗ ಹಾಕಿ, ಕೀ ನಿಮ್ಮ ಜೇಬಿನಲ್ಲಿರಲಿ. ಜನರೇಟರ್ ಕಡೆಯ ವೈರನ್ನೂ ಕಳಚಿ. ಮೈಕ್‌ಗೆ ಅಂತ ಯಾರಾದರೂ ಸ್ಟಾರ್ಟ್ ಮಾಡಿಬಿಡುತ್ತಾರೆ.