ಅಪ್ಪನ ಎಡಕಿವಿ ಮಂದ ಆಗಿದೆ, ಅನುಭವ ಇದ್ದೋರು ಹೇಳಿ

ವಿರಾಜಪೇಟೆ: ಅಪ್ಪಂಗೆ 63. ಎಡಕಿವಿ ಸರಿಯಾಗಿ ಕೇಳಲ್ಲ, ಒಳಗೆ ಗುಂಯ್ ಅನ್ನುತ್ತಂತೆ. ಕೇಳೋ ಮಿಷನ್ ಹಾಕ್ಸೋದಾ ಬೇಡ್ವಾ?

ನಾಪೋಕ್ಲು: ನಂದೂ ಎಡಕಿವೀನೇ. 30 ವರ್ಷ ನಮ್ಮ ಕೊಡವರ ಆಯುಧ ಹಬ್ಬ ಕೈಲ್ ಪೊಳ್ದ್‌ಗೆ ತೆಂಗಿನಕಾಯಿಗೆ ಗುಂಡು ಹೊಡೆದಿದೀನಿ, ಒಂದಿನಾನೂ ಕಿವಿ ಮುಚ್ಚಿಲ್ಲ. ಕೋವಿ ಬಲಭುಜಕ್ಕೆ ಕೊಟ್ರೆ ಎಡಕಿವಿ ನಳಿಗೆ ಬಾಯಿ ಕಡೆ ತಿರುಗುತ್ತೆ, ಬಲಕಿವಿಗೆ ತಲೆಯೇ ಮರೆ, ಒಂದೊಂದು ಗುಂಡಿನ ಸದ್ದೂ 140 ಡೆಸಿಬೆಲ್ ದಾಟುತ್ತೆ. ಮೈಸೂರು ಮಾನಸಗಂಗೋತ್ರೀಲಿರೋ ವಾಕ್ ಶ್ರವಣ ಸಂಸ್ಥೇಲಿ ಆಡಿಯೋಗ್ರಾಮ್ (ಕಿವಿ ಎಷ್ಟು ಕೇಳುತ್ತೆ ಅಂತ ತೋರಿಸೋ ಗೆರೆಪಟ) ತೆಗೆಸ್ದಾಗ 4000 ಹರ್ಟ್ಸ್, ಅಂದ್ರೆ ಕೀರಲು ಸ್ವರದ ಹತ್ರ ಗೆರೆ ದಿಢೀರ್ ಅಂತ ಕುಸಿದಿತ್ತು. ಒಳಗಿವೀಲಿ ಸದ್ದು ಹಿಡಿಯೋ ರೋಮಕೋಶ ಸತ್ರೆ ಮತ್ತೆ ಹುಟ್ಟಲ್ಲ ಅಂದ್ರು. ಮಿಷನ್‌ಗೆ 38,000 ಸುರಿದೆ, ಜುಲೈ ಮಳೇಲಿ ತೇವ ಹಿಡಿದು ಸತ್ತೋಯ್ತು, ರಿಪೇರಿ 6,500, ಆಗಸ್ಟಲ್ಲಿ ಮತ್ತೆ ಅದೇ ಕತೆ, ಇನ್ನೊಂದು 4,000. ಈಗ ದಿನಾ ರಾತ್ರಿ ಸಿಲಿಕಾ ಜೆಲ್ ಡಬ್ಬೀಲಿ ಮಲಗಿಸ್ತೀನಿ, ನೀಲಿ ಮಣಿ ಗುಲಾಬಿಗೆ ತಿರುಗಿದ್ರೆ ಬಿಸಿ ಮಾಡಿ ಒಣಗಿಸ್ತೀನಿ.

ಪೊನ್ನಂಪೇಟೆ: ಎಲ್ಲದಕ್ಕೂ ಕೋವೀನ ಯಾಕೆ ಎಳೀತೀರ ಸಾರ್? ನಮ್ಮ ಮಾವ ಕೋವಿ ಮುಟ್ಟಿದೋರಲ್ಲ, 22 ವರ್ಷ ಕಾಫಿ ಸಿಪ್ಪೆ ಸುಲಿಯೋ ಹಲ್ಲರ್ ಮಿಷನ್ ಪಕ್ಕ ನಿಂತು ಎರಡೂ ಕಿವಿ ಕಳ್ಕೊಂಡ್ರು. 85 ಡೆಸಿಬೆಲ್‌ನಲ್ಲಿ ದಿನಕ್ಕೆ 8 ಗಂಟೆ ಅಂದ್ರೆ ಕಿವಿಗೆ ಅದೇ ಮಿತಿ ಅಂತಾರೆ, 88ಕ್ಕೆ ಹೋದ್ರೆ 4 ಗಂಟೆ ಅಷ್ಟೆ. ಸಾಹುಕಾರ್ರು ಕಿವಿ ಮುಚ್ಚೋಕೆ ಒಂದು ಇಯರ್ ಮಫ್ ಕೊಡ್ಲಿಲ್ಲ.

ಸೋಮವಾರಪೇಟೆ: ನೀವಿಬ್ರೂ ಜಗಳ ಆಡ್ತಿದೀರ, ನಂದು ಕೇಳಿ. ಒಂದಿನ ಬೆಳಗ್ಗೆ ಏಳ್ತೀನಿ, ಬಲಕಿವಿ ಪೂರ್ತಿ ಸತ್ತಿದೆ, ಫೋನ್ ಇಟ್ರೆ ರಿಂಗೇ ಇಲ್ಲ. ತೋರಿಸಿದ ಕಡೆ ಗುಗ್ಗೆ ಅಂದು ಡ್ರಾಪ್ಸ್ ಕೊಟ್ರು, ನಾನೂ ನಂಬಿ 19 ದಿನ ಬಿಟ್ಕೊಂಡು ಕೂತೆ. ಆಮೇಲೆ ಇನ್ನೊಬ್ರು ಇದು ನರದ್ದು, ಮೊದಲ ದಿನಗಳಲ್ಲೇ ಸ್ಟೀರಾಯ್ಡ್ ಶುರು ಮಾಡ್ಬೇಕಿತ್ತು ಅಂದ್ರು. ಮಾತ್ರೆ, ಕಿವಿ ಒಳಗೆ ಇಂಜೆಕ್ಷನ್ ಎಲ್ಲಾ ಆಯ್ತು, ಕಿವಿ ಬರ್ಲಿಲ್ಲ. ಆ 19 ದಿನ ನೆನೆಸ್ಕೊಂಡ್ರೆ ಇವತ್ತಿಗೂ ಹೊಟ್ಟೆ ಉರಿಯುತ್ತೆ.

ಸುಂಟಿಕೊಪ್ಪ: ಸಾಹುಕಾರ್ರನ್ನ ಬೈಯೋದು ಸುಲಭ. ನಾನು ವೀಡ್ ಕಟರ್ ಹುಡುಗ್ರಿಗೆ 1,200ರ ಮಫ್ ತಂದ್ಕೊಟ್ಟೆ, ಬೆವರುತ್ತೆ ಅಂತ ಎರಡೇ ದಿನಕ್ಕೆ ಗೋಡೌನ್ ಮೊಳೆಗೆ ತೂಗುಹಾಕಿದ್ರು.

ಪೊನ್ನಂಪೇಟೆ: ನಮ್ಮ ಮಾವಂಗೆ ತೂಗುಹಾಕೋಕೂ ಒಂದು ಇರ್ಲಿಲ್ಲ. ಕೊಟ್ಟು ಮಾತಾಡಿ.

ನಾಪೋಕ್ಲು: ನಾನು ಕೋವಿ ಬೈದಿಲ್ಲ, ತಿಳ್ಕೊಳ್ಳಿ. ಅಜ್ಜ ತೀರ್ಕೊಂಡಾಗ ನಮ್ಮ ಪದ್ಧತಿ ಪ್ರಕಾರ ಅಂಗಳದಲ್ಲಿ ಗುಂಡು ಹೊಡೆದೋನು ನಾನೇ. ಈ ಸಲ ಕೈಲ್ ಪೊಳ್ದ್‌ಗೂ ಹೊಡೀತೀನಿ, ಪಕ್ಕದಲ್ಲಿ ನಿಲ್ಲೋ ಮೊಮ್ಮಗನ ಕಿವಿಗೆ ಮಫ್ ಹಾಕ್ಸಿ.