ಅಪ್‌ಡೇಟ್: ಟೋಕಿಯೊದಿಂದ ಮಿಶಿಮಾಕ್ಕೆ ಸುಯಿಕಾ ಕಾರ್ಡ್ ನಡೆಯುತ್ತಾ?

ಹೋದ ವಾರ ಕೇಳಿದ್ದೆ: ಟೋಕಿಯೊದಲ್ಲಿ ಸುಯಿಕಾ (ಗೇಟಿಗೆ ಮುಟ್ಟಿಸಿದರೆ ರೈಲು ಚಾರ್ಜ್ ಕಟ್ ಆಗುವ ಪ್ರೀಪೇಯ್ಡ್ ಕಾರ್ಡ್) ಮುಟ್ಟಿಸಿ ಹತ್ತಿ, ಟೋಕಾಯ್ಡೊ ಲೈನಿನ ಲೋಕಲ್ ರೈಲಲ್ಲಿ ಹೋಗಿ ಮಿಶಿಮಾದಲ್ಲಿ ಇಳಿಯಬಹುದಾ ಅಂತ. ಅಪ್ಪ ಅಮ್ಮನ ಜೊತೆ ಹೋಗಿಬಂದೆ.

"ಸುಮ್ನೆ ಮುಟ್ಟಿಸಿ ಹೋಗಿ" ಅನ್ನೋ ಸಲಹೆ ಆಗಲ್ಲ. ಸ್ಟೇಷನ್ ಸಿಬ್ಬಂದಿಯನ್ನೇ ಕೇಳಿದೆ. ದಾರಿಯಲ್ಲಿ ಬರುವ ಅಟಾಮಿ ಸ್ಟೇಷನ್‌ವರೆಗೆ ಜೆಆರ್ ಈಸ್ಟ್ ಅನ್ನೋ ರೈಲು ಕಂಪನಿ, ಆಮೇಲೆ ಜೆಆರ್ ಸೆಂಟ್ರಲ್ ಅನ್ನೋ ಬೇರೆ ಕಂಪನಿ. ಕಾರ್ಡ್ ಎರಡೂ ಕಡೆ ನಡೆಯುತ್ತೆ, ಆದರೆ ಒಂದೇ ಪ್ರಯಾಣದಲ್ಲಿ ಗಡಿ ದಾಟುವಂತಿಲ್ಲ. ಕೆಲವು ರೈಲು ನೇರವಾಗಿ ಮಿಶಿಮಾ ಆಚೆಯ ನುಮಾಜುವರೆಗೆ ಹೋದರೂ ಅಷ್ಟೇ!

ಕೆಲಸ ಮಾಡಿದ್ದು ಪೇಪರ್ ಟಿಕೆಟ್. ಸಲಹೆ ಕೊಟ್ಟವರಿಗೆ ತುಂಬಾ ಥ್ಯಾಂಕ್ಸ್. ಇದರಲ್ಲಿ ಇನ್ನೊಂದು ಲಾಭ ಸಿಕ್ಕಿತು. ದೂರ 100 ಕಿ.ಮೀ. ದಾಟುವುದರಿಂದ ದಾರಿಯಲ್ಲಿ ಇಳಿದು ಮತ್ತೆ ಹತ್ತಬಹುದು, ಟಿಕೆಟ್ 2 ದಿನ ನಡೆಯುತ್ತೆ. ನಾವು ಓಡಾವಾರಾದಲ್ಲಿ ಇಳಿದು ಕೋಟೆ ನೋಡಿದೆವು. ಅಮ್ಮನಿಗೆ ಇಡೀ ಪ್ರವಾಸದಲ್ಲಿ ಅದೇ ಜಾಸ್ತಿ ಇಷ್ಟವಾಯಿತು.

ವಾಪಸ್ ಬರುವಾಗ ಎರಡನೇ ಸಲಹೆ ನೋಡಿದೆವು: ಅಟಾಮಿಯಲ್ಲಿ ಗೇಟ್‌ನಿಂದ ಹೊರಗೆ ಬಂದು ಮತ್ತೆ ಕಾರ್ಡ್ ಮುಟ್ಟಿಸಿ ಒಳಗೆ ಹೋಗುವುದು. ಅದೂ ಆಗುತ್ತೆ. ಲಗೇಜ್ ಇದ್ದರೆ ಮಾತ್ರ ಕಷ್ಟ.

ಮಿಶಿಮಾ ಕಡೆ ಹೋಗುವಾಗ ಅಟಾಮಿ ದಾಟಿದ ಕೂಡಲೇ ಬರುವ ಉದ್ದನೆಯ ಸುರಂಗ ತನ್ನಾ, 1934ರಲ್ಲಿ ರೈಲು ಓಡಾಟಕ್ಕೆ ತೆರೆದದ್ದು. ಅದಕ್ಕೂ ಮೊದಲು ಈ ಲೈನ್ ಗೊಟೆಂಬಾ ಅನ್ನೋ ಊರಿನ ಮೇಲೆ ಸುತ್ತಿಕೊಂಡು ಹೋಗುತ್ತಿತ್ತಂತೆ!