ಟೆಂಪೋಗೆ ಲಯವೋ ಗತಿಯೋ? ‘ಕೀ’ಗೆ ಏನನ್ನೋಣ?

ಗದುಗಿನಿಂದ ಬರೆಯುತ್ತಿದ್ದೇನೆ. ಸಂಗೀತ ಬಲ್ಲವರು, ಪದ ಬಲ್ಲವರು ಇಬ್ಬರೂ ನೋಡಿ ಹೇಳಬೇಕು.

ನಮ್ಮ ಸೋದರಳಿಯ ಹುಬ್ಬಳ್ಳಿಯಲ್ಲಿ ಪುಟ್ಟ ಅನಿಮೇಷನ್ ಚಿತ್ರ ಮಾಡುತ್ತಿದ್ದಾನೆ. ಗೂಡು ಕಳೆದುಕೊಂಡ ಗುಬ್ಬಿಯ ಕತೆ. ಅದರಲ್ಲಿ 40 ಸೆಕೆಂಡಿನ ಒಂದು ಹಾಡಿದೆ. ಹಾಡಿನ ವಿವರ ತುಂಬುವ ಹಾಳೆಯಲ್ಲಿ ಟೆಂಪೋ (ಹಾಡಿನ ವೇಗ), ಕೀ (ಯಾವ ಸುರ, ಯಾವ ಸ್ವರಸಾಲು ಅನ್ನುವುದು), ಮೂಡ್ ಅಂತ ಮೂರು ಸಾಲು. ಯಾರೋ ಅದನ್ನು ಕನ್ನಡಕ್ಕೆ ತಂದು ‘ಗತಿ, ಕೀಲಿ, ಮನಸ್ಥಿತಿ’ ಎಂದು ಬರೆದಿದ್ದಾರೆ. ಮೂರೂ ನನಗೆ ಒಪ್ಪಿಗೆಯಾಗಲಿಲ್ಲ. ಹಾರ್ಮೋನಿಯಂ ಮುಂದಿಟ್ಟುಕೊಂಡು ಒಂದು ಸಂಜೆ ಪೂರ್ತಿ ಇದಕ್ಕೇ ಕೂತೆ.

ಮೊದಲು ಟೆಂಪೋ. ಕರ್ನಾಟಕಿ ಕಲಿತವರಿಗೆ ‘ಗತಿ’ ಅಂದರೆ ವೇಗವಲ್ಲ. ಒಂದು ಎಣಿಕೆಯೊಳಗೆ ಎಷ್ಟು ಪಾಲು ಅನ್ನುವುದು: ತಿಶ್ರಕ್ಕೆ 3, ಚತುರಶ್ರಕ್ಕೆ 4, ಖಂಡಕ್ಕೆ 5. ವೇಗಕ್ಕೆ ಅವರು ‘ಕಾಲ’ ಅನ್ನುತ್ತಾರೆ. ನಮ್ಮ ಕಡೆ ಹಿಂದೂಸ್ತಾನಿಯವರಿಗೆ ವೇಗವೇ ‘ಲಯ’. ವಿಲಂಬಿತ ಲಯ (ನಿಧಾನ), ಮಧ್ಯ ಲಯ, ದ್ರುತ ಲಯ (ಚುರುಕು). ಆದರೆ ಮೈಸೂರು ಕಡೆ ‘ಅವರಿಗೆ ಲಯ ಗಟ್ಟಿ’ ಅಂದರೆ ತಾಳಜ್ಞಾನ ಚೆನ್ನಾಗಿದೆ ಅಂತ ಅರ್ಥ. ಒಂದೇ ಪದ, ಎರಡು ಕಡೆ ಎರಡು ಕೆಲಸ. ಪುಟ್ಟರಾಜ ಗವಾಯಿಗಳು (1914–2010) ಎರಡೂ ಪದ್ಧತಿಯಲ್ಲಿ ಪಳಗಿದವರು. ಅವರ ಊರಲ್ಲಿ ಕೂತು ಈ ಗೊಂದಲ ಸುಮ್ನೆ ಬಿಡಲು ಮನಸ್ಸಾಗಲಿಲ್ಲ.

ನನ್ನ ಓಟು ‘ಲಯ’ಕ್ಕೇ. ಪಕ್ಕದಲ್ಲಿ ಲೆಕ್ಕ ಬರೆದರೆ ಗೊಂದಲ ಉಳಿಯುವುದಿಲ್ಲ: ‘ಮಧ್ಯ ಲಯ, ನಿಮಿಷಕ್ಕೆ 96 ಮಾತ್ರೆ’. ಮಾತ್ರೆ ಅಂದರೆ ತಾಳದ ಒಂದು ಎಣಿಕೆ. ಈ ಲೆಕ್ಕ ಚಿತ್ರ ಬಿಡಿಸುವವರಿಗೂ ಬೇಕು. ಸೆಕೆಂಡಿಗೆ 24 ಫ್ರೇಮ್ ಅಂದರೆ ನಿಮಿಷಕ್ಕೆ 1440. ಅದನ್ನು 96ರಿಂದ ಭಾಗಿಸಿದರೆ ಒಂದು ಮಾತ್ರೆಗೆ ಸರಿಯಾಗಿ 15 ಫ್ರೇಮ್. ಗುಬ್ಬಿ ಪ್ರತಿ 15ನೇ ಫ್ರೇಮಿಗೆ ಕೊಕ್ಕು ಇಟ್ಟರೆ ತಬಲಾಕ್ಕೆ ಕೂಡುತ್ತದೆ. 40 ಸೆಕೆಂಡಿಗೆ 64 ಮಾತ್ರೆ, ಅಂದರೆ 16 ಮಾತ್ರೆಯ ತೀನ್ ತಾಲದ ನಾಲ್ಕು ಆವರ್ತನ (ಸುತ್ತು). ಇಷ್ಟು ಚೊಕ್ಕ ಕೂತಿದ್ದು ನೋಡಿ ಬಹಳ ಖುಷಿಯಾಯಿತು.

‘ಕೀಲಿ’ಯಂತೂ ಆಗಲೇ ಆಗದು. ನಮ್ಮಲ್ಲಿ ಕೀಲಿ ಅಂದರೆ ಬೀಗ. ‘ಶ್ರುತಿ’ ಅನ್ನಬಹುದು, ಆದರೆ ಅದು ಅರ್ಧ ಮಾತನ್ನಷ್ಟೇ ಹೇಳುತ್ತದೆ. ಷಡ್ಜ (ಮೊದಲ ಸ್ವರ ‘ಸ’) ಎಲ್ಲಿದೆ ಅನ್ನುವುದು ಅದರಲ್ಲಿ ಬಂತು. ಮೇಜರೋ ಮೈನರೋ (ಪಾಶ್ಚಾತ್ಯರ ಎರಡು ಬಗೆಯ ಸ್ವರಸಾಲು; ಮೈನರ್ ಸಾಮಾನ್ಯವಾಗಿ ದುಃಖದ್ದು ಅನ್ನುತ್ತಾರೆ) ಅನ್ನುವುದು ಬರಲಿಲ್ಲ. ಈ ಹಾಡು ಡಿ ಮೈನರ್. ಪೇಟಿಯ (ಹಾರ್ಮೋನಿಯಂ) ಮೇಲೆ ನಾವು ‘ಬಿಳಿ ಎರಡು’ ಅನ್ನುವ ಸುರ. ಸ್ವರಗಳಲ್ಲಿ ಗಾಂಧಾರ, ಧೈವತ, ನಿಷಾದ ಮೂರೂ ಕೋಮಲ (ಅರ್ಧ ಮನೆ ಇಳಿದವು). ಅಂದರೆ ಹಿಂದೂಸ್ತಾನಿಯಲ್ಲಿ ಆಸಾವರಿ ಥಾಟ್ (ಸ್ವರಸಾಲು). ಕರ್ನಾಟಕಿಯಲ್ಲಿ 20ನೇ ಮೇಳ ನಠಭೈರವಿ. ಹಾಗಾಗಿ ‘ಶ್ರುತಿ: ಬಿಳಿ 2, ಆಸಾವರಿ ಥಾಟ್’ ಎಂದು ಬರೆದೆ. ಉದ್ದವಾಯಿತು, ಆದರೆ ಪೇಟಿ ನುಡಿಸುವ ಯಾರಿಗೂ ಮತ್ತೆ ಕೇಳುವ ಕೆಲಸವಿಲ್ಲ. ಇವೆರಡನ್ನೂ ಹಿಡಿಯುವ ಒಂದೇ ಪದ ನಿಮ್ಮಲ್ಲಿ ಬಳಕೆಯಲ್ಲಿದೆಯೇ?

ಕಷ್ಟ ಆಗಿದ್ದು ಮೂಡ್. ಮನಸ್ಥಿತಿ ಮನುಷ್ಯರಿಗೆ ಇರುತ್ತದೆ, ಹಾಡಿಗಲ್ಲ ಅಲ್ವಾ? ‘ರಸ’ 40 ಸೆಕೆಂಡಿನ ಗುಬ್ಬಿ ಹಾಡಿಗೆ ಜಾಸ್ತಿ ಭಾರ. ‘ಗುಂಗು’ ನನಗೆ ಇಷ್ಟದ ಪದ, ಆದರೆ ಅದು ಕೇಳಿದವರ ತಲೆಯಲ್ಲಿ ಉಳಿಯುವಂಥದ್ದು. ‘ಧಾಟಿ’ ಅಂದರೆ ಬೇರೆ ಹಾಡಿನ ಮಟ್ಟು ಅಂತಾಗುತ್ತದೆ. ಭಜನೆ ಪುಸ್ತಕಗಳಲ್ಲಿ ಹಾಡಿನ ತಲೆಯ ಮೇಲೆ ಇಂಥ ಹಾಡಿನ ಧಾಟಿ ಎಂದು ಅಚ್ಚಾಗಿರುತ್ತದೆ, ನೋಡಿರುತ್ತೀರಿ.

ಮೈನರ್ ಅಂದಕೂಡಲೇ ‘ದುಃಖ’ ಎಂದು ಬರೆಯುವುದೂ ಸರಿಯಲ್ಲ. ಈ ಹಾಡು ಕುಣಿಯುತ್ತಲೇ ಹೋಗುತ್ತದೆ. ಅತ್ತೆಗೆ ಫೋನಿನಲ್ಲಿ ಕೇಳಿಸಿದೆ. ಮೆಂತ್ಯ ಸೋಸುತ್ತಿದ್ದವರು ಕೈ ನಿಲ್ಲಿಸಿ ಕೇಳಿದರು. ಎರಡನೇ ಸಲ ಹಾಕಿಸಿಕೊಂಡು ಹೇಳಿದರು: “ಹಾಡು ಚುರುಕ್ ಐತಿ, ಆದ್ರ ಒಳಗೊಳಗ ಅಳ್ತೈತಿ.”

ಸದ್ಯಕ್ಕೆ ಆ ಸಾಲಿಗೆ ‘ಭಾವ’ ಎಂದು ಹೆಸರಿಟ್ಟು, ಎದುರಿಗೆ ಅತ್ತೆಯ ಮಾತನ್ನೇ ಬರೆದಿದ್ದೇನೆ. ‘ಭಾವ’ಕ್ಕಿಂತ ಹತ್ತಿರದ ಪದ ಧಾರವಾಡ, ಹಾವೇರಿ ಕಡೆ ಹಾಡುವವರ ಬಾಯಲ್ಲಿ ಕೇಳಿದ್ದರೆ, ಯಾವ ಮಾತಿನಲ್ಲಿ ಬಂತು ಅನ್ನುವುದರ ಸಮೇತ ದಯವಿಟ್ಟು ತಿಳಿಸಿ.